ಬಿಂದುವಿನ ಮಳೆ, ಚೌಕದ ಮಳೆ

ರಾಸ್ಟರ್ ನಕ್ಷೆ ತೆರೆದಾಗಲೆಲ್ಲ ನನಗೆ ನೆನಪಾಗುವುದು 2005ರ ಜುಲೈ 26. ಅಂದು ಸಾಂತಾಕ್ರೂಜ್‌ನ ಮಳೆಮಾಪಕ 24 ಗಂಟೆಗಳಲ್ಲಿ 944 ಮಿಲಿಮೀಟರ್ ದಾಖಲಿಸಿತು. ಅದೇ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು ಕೇವಲ 73.

ಹವಾಮಾನ ಇಲಾಖೆಯ ಮಳೆನಕ್ಷೆಯಲ್ಲಿ ಒಂದೊಂದು ಚೌಕದ ಬದಿಯೂ ಕಾಲು ಡಿಗ್ರಿ, ಅಂದರೆ ಸುಮಾರು 25 ಕಿಲೋಮೀಟರ್. ಕುರ್ಲಾದ ಮೇಲೊಂದು ಬಿಂದುವಿಟ್ಟು ಮಳೆಯೆಷ್ಟೆಂದು ಕೇಳಿದರೆ, ಕ್ಯೂಜಿಐಎಸ್ ತಂತ್ರಾಂಶ ಆ ಬಿಂದು ಬಿದ್ದ ಚೌಕದ ಸಂಖ್ಯೆಯನ್ನೇ ತಂದು ಕೋಷ್ಟಕದಲ್ಲಿ ಇಡುತ್ತದೆ. ಅದು ಕುರ್ಲಾದಲ್ಲಿ ಅಳೆದ ಮಳೆಯಲ್ಲ. ಮಾಪಕಗಳ ಲೆಕ್ಕದಿಂದ ಇಡೀ ಚೌಕಕ್ಕೆ ಕಟ್ಟಿದ ಅಂದಾಜು.

ಮೀಠೀ ನದಿಯ ದಡದ ಮನೆಗಳಿಗೆ ಅಂದು ನುಗ್ಗಿದ್ದು ಅಂದಾಜಿನ ನೀರಲ್ಲ. ಆದ್ದರಿಂದ ಬಿಂದುವಿನ ಸಂಖ್ಯೆಯ ಪಕ್ಕದಲ್ಲಿ ಚೌಕದ ಅಳತೆಯನ್ನೂ ಹತ್ತಿರದ ಮಾಪಕದ ದಾಖಲೆಯನ್ನೂ ತಪ್ಪದೆ ಬರೆದಿಡುತ್ತೇನೆ.