ಉಕ್ತ, ಅನುಕ್ತ, ದುರುಕ್ತ

ಗ್ರಂಥವನ್ನು ರಚಿಸಿದವನ ಹೆಸರು ಲೋಕದಲ್ಲಿ ನಿಲ್ಲುವುದು. ಅದನ್ನು ಓದಿ ತಿದ್ದಿದವನ ಹೆಸರು ಬಹುಮಟ್ಟಿಗೆ ಅಳಿಸಿಹೋಗುವುದು. ಆದರೂ ತಿದ್ದುವವರಿಲ್ಲದೆ ಯಾವ ಶಾಸ್ತ್ರವೂ ಬಾಳಿಲ್ಲ. ಪಾಣಿನಿಯ ಸುಮಾರು 4000 ಸೂತ್ರಗಳನ್ನು ಕುರಿತು ಕಾತ್ಯಾಯನನು ವಾರ್ತಿಕಗಳನ್ನು ಬರೆದನು. ಪತಂಜಲಿಯು ಸೂತ್ರವನ್ನೂ ವಾರ್ತಿಕವನ್ನೂ ಒಟ್ಟಿಗೆ ಒರೆಗೆ ಹಚ್ಚಿದನು. ವಾರ್ತಿಕಕಾರನಿಗೆ ಮೂರು ಕೆಲಸಗಳೆಂದು ಬಲ್ಲವರು ಹೇಳುವರು: ಉಕ್ತವನ್ನು, ಎಂದರೆ ಹೇಳಿರುವುದನ್ನು ವಿಚಾರಿಸುವುದು, ಅನುಕ್ತವನ್ನು, ಎಂದರೆ ಹೇಳದೆ ಬಿಟ್ಟುದನ್ನು ಹುಡುಕುವುದು, ದುರುಕ್ತವನ್ನು, ಎಂದರೆ ತಪ್ಪಾಗಿ ಹೇಳಿರುವುದನ್ನು ಎತ್ತಿ ತೋರಿಸುವುದು. ಇದೇ ಮೂರು ಬಗೆಯ ವಿಚಾರವು ಇಂದು ಗಣಕಯಂತ್ರದ ಒಳಮನೆಯಲ್ಲಿಯೂ ನಿತ್ಯವೂ ನಡೆಯುತ್ತಿರುವುದೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಕರ್ನಲ್ ಎಂಬ ಮೂಲವ್ಯವಸ್ಥೆಯಲ್ಲಿ ಮೆಮೊರಿಯನ್ನು ನಿರ್ವಹಿಸುವ ಭಾಗಕ್ಕೆ ಬರುವ ತಿದ್ದುಪಡಿಗಳ ಪರಿಶೀಲನೆಯು ಅಂಥದು.

ಕರ್ನಲ್ ಎಂದರೇನೆಂಬುದನ್ನು ಮೊದಲು ಸಂಗ್ರಹವಾಗಿ ತಿಳಿಯಬೇಕು. ಗಣಕಯಂತ್ರದಲ್ಲಿ ಹಲವು ಪ್ರೋಗ್ರಾಂಗಳು ಏಕಕಾಲದಲ್ಲಿ ನಡೆಯುವುವಷ್ಟೆ. ಒಂದು ಪತ್ರವನ್ನು ತೋರಿಸುವುದು, ಇನ್ನೊಂದು ಹಾಡನ್ನು ಕೇಳಿಸುವುದು, ಮತ್ತೊಂದು ಬ್ಯಾಂಕಿನ ಲೆಕ್ಕವನ್ನು ತೆರೆಯುವುದು. ಇವೆಲ್ಲಕ್ಕೂ ಯಂತ್ರದ ಸಾಧನಗಳನ್ನು ಹಂಚಿಕೊಟ್ಟು, ಒಂದರ ಸೊತ್ತಿಗೆ ಇನ್ನೊಂದು ಕೈಹಾಕದಂತೆ ಕಾಯುವ ಅಧಿಕಾರಿಯೇ ಕರ್ನಲ್. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ ತರುಣನು ಆರಂಭಿಸಿದ ಲಿನಕ್ಸ್ ಇಂಥ ಒಂದು ಕರ್ನಲ್. ಆಂಡ್ರಾಯ್ಡ್ ಫೋನುಗಳ ಒಳಗಿರುವುದು ಅದೇ. 2017ರ ನವೆಂಬರಿನ ಪಟ್ಟಿಯಲ್ಲಿ ಲೋಕದ ಅತಿವೇಗದ 500 ಗಣಕಗಳಲ್ಲಿ ಐನೂರನ್ನೂ ನಡೆಸುತ್ತಿದ್ದುದೂ ಅದೇ. ಅದರಲ್ಲಿ ಒಂದು ಸಾಲು ತಪ್ಪಿದರೆ ತಪ್ಪು ಒಂದು ಮನೆಯಲ್ಲಿ ನಿಲ್ಲುವುದಿಲ್ಲ.

ಈ ಅಧಿಕಾರಿಯ ವಶದಲ್ಲಿರುವ ಸೊತ್ತುಗಳಲ್ಲಿ ಮುಖ್ಯವಾದುದು ಮೆಮೊರಿ. ಸ್ಮೃತಿಯೆಂದರೆ ಧರ್ಮಶಾಸ್ತ್ರವೆಂದು ಕಲಿತವರು ಇಲ್ಲಿ ಅರ್ಥವನ್ನು ಕೊಂಚ ಬದಲಾಯಿಸಿಕೊಳ್ಳಬೇಕು. ಇದು ವಿದ್ಯುತ್ತು ಇರುವವರೆಗೆ ಮಾತ್ರ ನೆನಪಿಟ್ಟುಕೊಳ್ಳುವ ಸ್ಮೃತಿ. ಇದನ್ನು ಪುಟಗಳಾಗಿ ವಿಭಾಗಿಸಿರುವರು. ಸಾಮಾನ್ಯ ಯಂತ್ರಗಳಲ್ಲಿ ಪುಟವೊಂದಕ್ಕೆ 4096 ಬೈಟುಗಳು. 8 ಗಿಗಾಬೈಟಿನ ಮೆಮೊರಿಯಲ್ಲಿ ಇಂಥ ಪುಟಗಳು 20 ಲಕ್ಷಕ್ಕೂ ಮಿಗಿಲು. ಜಾತ್ರೆಯ ದಿನ ಛತ್ರದ ಪಾರುಪತ್ಯಗಾರನು ಬಂದವರಿಗೆ ಕೋಣೆಗಳನ್ನು ಕೊಟ್ಟು, ಹೋದವರ ಕೋಣೆಯನ್ನು ಬಿಡಿಸಿಕೊಂಡು, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುವಂತೆ ಕರ್ನಲ್ ಈ ಪುಟಗಳನ್ನು ಹಂಚುವುದು. ವಿಶೇಷವೇನೆಂದರೆ, ಪ್ರತಿಯೊಬ್ಬ ಅತಿಥಿಗೂ ಇಡೀ ಛತ್ರವೇ ತನ್ನದೆಂಬ ಭ್ರಮೆಯಿರುವುದು. ಅವನು ಹೇಳುವ ಕೋಣೆಯ ಸಂಖ್ಯೆಗೂ ನಿಜವಾದ ಕೋಣೆಗೂ ಇರುವ ಸಂಬಂಧವನ್ನು ಬಲ್ಲುದು ಪಾರುಪತ್ಯಗಾರನ ಪುಸ್ತಕವೊಂದೇ. ಆ ಪುಸ್ತಕದ ಲೆಕ್ಕ ತಪ್ಪಿದರೆ ಒಬ್ಬನು ಮಲಗಿರುವ ಕೋಣೆಯನ್ನು ಇನ್ನೊಬ್ಬನಿಗೆ ಕೊಟ್ಟಂತಾಗುವುದು. ಅಥವಾ ಎಂದೋ ಬಿಟ್ಟುಹೋದವನ ಕೈಯಲ್ಲಿ ಬೀಗದ ಕೈ ಉಳಿದುಬಿಡುವುದು.

ತಿದ್ದುಪಡಿಯನ್ನು ಈ ವೃತ್ತಿಯವರು ಪ್ಯಾಚ್ ಎನ್ನುವರು. ಅದರಲ್ಲಿ ತೆಗೆದ ಸಾಲುಗಳಿಗೆ ಋಣಚಿಹ್ನೆ, ಸೇರಿಸಿದ ಸಾಲುಗಳಿಗೆ ಧನಚಿಹ್ನೆ. ಬದಲಾವಣೆಯ ಮೇಲೂ ಕೆಳಗೂ ವಾಡಿಕೆಯಂತೆ ಮೂರು ಮೂರು ಸಾಲು ಸಂದರ್ಭಕ್ಕಾಗಿ ಇರುವುವು. ತಿದ್ದುಪಡಿ ಏಕೆ ಬೇಕಾಯಿತೆಂಬುದನ್ನು ಕರ್ತೃವು ಮೊದಲೇ ಗದ್ಯದಲ್ಲಿ ವಿವರಿಸಿರಬೇಕು. ಇಷ್ಟು ಉಕ್ತ. ಪರಿಶೀಲಕನು ವಿವರಣೆಗೂ ಸಾಲುಗಳಿಗೂ ಹೊಂದಿಕೆಯುಂಟೇ ಎಂದು ನೋಡುವನು. ಹೇಳಿದ್ದು ಒಂದು, ಮಾಡಿದ್ದು ಇನ್ನೊಂದು ಆಗಿದ್ದರೆ ಅಲ್ಲಿಯೇ ಕೈತಡೆಯುವನು. ಶ್ರದ್ಧೆಯುಳ್ಳ ಯಾವ ಓದುಗನಿಗೂ ಇದು ಸಾಧ್ಯವಾದ ಕೆಲಸ.

ಕಷ್ಟವಿರುವುದು ಅನುಕ್ತದಲ್ಲಿ. ಪ್ಯಾಚಿನ ಸಾಲುಗಳು ಒಂದು ಪುಟವನ್ನು ಪಡೆದುವು, ಅದನ್ನು ಹಿಂದಿರುಗಿಸುವವರಾರು? ಎಲ್ಲವೂ ಸರಿಯಾಗಿ ನಡೆದಾಗ ಹಿಂದಿರುಗಿಸುವ ಸಾಲು ಇದ್ದೇ ಇರುವುದು. ನಡುವೆ ಒಂದು ಕಾರ್ಯವು ವಿಫಲವಾಗಿ ಬೇರೆ ದಾರಿಯಿಂದ ಹೊರಬಿದ್ದರೆ ಆ ದಾರಿಯಲ್ಲಿಯೂ ಅದು ಉಂಟೇ? ಹಿಂದಿರುಗಿಸದಿದ್ದರೆ ಭಂಡಾರವು ಹನಿಹನಿಯಾಗಿ ಸೋರಿಹೋಗುವುದು. ಎರಡು ಸಲ ಹಿಂದಿರುಗಿಸಿದರೆ ಪರರ ಪುಟವನ್ನು ಬಿಡಿಸಿದಂತಾಗುವುದು. ಪುಟವನ್ನು ಬೇಡಿದಾಗ ಅದು ಸಿಕ್ಕದೆ ಹೋದರೆ ಗತಿಯೇನು? ಕರ್ನಲ್ ಕೆಲವು ಘಟ್ಟಗಳಲ್ಲಿ ನಿಂತು ಕಾಯಲಾಗದು. ಅಂಥಲ್ಲಿ ಕಾಯಿಸುವ ಬೇಡಿಕೆಯನ್ನು ಇಟ್ಟಿಲ್ಲವಷ್ಟೆ? ಪುಸ್ತಕದಲ್ಲಿ ಬರೆಯುವ ಮೊದಲು ಬೀಗವನ್ನು ಹಾಕಿಕೊಂಡಿರುವುದೇ? ಈ ಪ್ರಶ್ನೆಗಳಿಗೆ ಉತ್ತರವು ಪ್ಯಾಚಿನೊಳಗೆ ಬಹಳ ಸಲ ಇರುವುದೇ ಇಲ್ಲ. ಬೇರೆ ಕಡತದಲ್ಲಿ, ಬೇರೆಯವರು ಹತ್ತು ವರ್ಷದ ಹಿಂದೆ ಬರೆದ ಸಾಲಿನಲ್ಲಿ ಇರುವುದು. ಸಮರ್ಥನಾದ ಪರಿಶೀಲಕನು ಹತ್ತು ಸಾಲಿನ ತಿದ್ದುಪಡಿಗಾಗಿ ಸಾವಿರ ಸಾಲನ್ನು ಓದುವುದು ಇದರಿಂದಲೇ.

ದುರುಕ್ತಕ್ಕೆ ನಿದರ್ಶನವಾಗಿ 2016ರ ಅಕ್ಟೋಬರಿನಲ್ಲಿ ಬಯಲಿಗೆ ಬಂದ ಒಂದು ದೋಷವನ್ನು ಹೇಳಬಹುದು. ಅದರ ಹಿನ್ನೆಲೆಯಲ್ಲಿರುವ ಉಪಾಯವು ಸೊಗಸಾದುದು. ಒಂದೇ ಪುಟವನ್ನು ಇಬ್ಬರು ಓದುವುದಾದರೆ ಎರಡು ಪ್ರತಿಗಳೇಕೆ? ಇಬ್ಬರಿಗೂ ಮೂಲವನ್ನೇ ತೋರಿಸಿದರೆ ಸಾಕು. ಒಬ್ಬನು ಬರೆಯಲು ಲೇಖನಿಯನ್ನೆತ್ತಿದಾಗ ಮಾತ್ರ ಅವನಿಗೆ ಪ್ರತ್ಯೇಕವಾಗಿ ನಕಲನ್ನು ಮಾಡಿಕೊಡುವುದು. ಇದಕ್ಕೆ 'ಕಾಪಿ ಆನ್ ರೈಟ್' ಎಂದು ಹೆಸರು. ಇಂಗ್ಲಿಷಿನ ಆದ್ಯಕ್ಷರಗಳನ್ನು ಕೂಡಿಸಿದರೆ 'ಕೌ' ಎಂದಾಗುವುದು. ಬರೆಹದಿಂದ ಬದಲಾದ ಪುಟವನ್ನು ಪರಿಭಾಷೆಯಲ್ಲಿ 'ಡರ್ಟಿ', ಎಂದರೆ ಮಾಸಿದ್ದು, ಎನ್ನುವರು. ಎರಡೂ ಸೇರಿ ಆ ದೋಷಕ್ಕೆ 'ಡರ್ಟಿ ಕೌ' ಎಂಬ ವಿಚಿತ್ರವಾದ ಹೆಸರು ಬಂದಿತು.

ದೋಷದ ಸ್ವರೂಪವನ್ನು ಹಸ್ತಪ್ರತಿ ಭಂಡಾರವೊಂದರ ದೃಷ್ಟಾಂತದಿಂದ ತಿಳಿಯಬಹುದು. ಒಬ್ಬನು ಬಂದು ಒಂದು ಪುಟದಲ್ಲಿ ಬರೆಯಬೇಕೆನ್ನುವನು. ಭಂಡಾರಿಯು ಅದನ್ನು ಚೀಟಿಯಲ್ಲಿ ಗುರುತಿಸಿಕೊಂಡು ನಕಲನ್ನು ಮಾಡಿಸುವನು. ನಕಲು ಸಿದ್ಧವಾದ ಮೇಲೆ ಇನ್ನು ಮೂಲಕ್ಕೆ ಭಯವಿಲ್ಲವೆಂದು ಬಗೆದು, 'ಬರೆಯುವುದಕ್ಕೆ' ಎಂಬ ಮಾತನ್ನು ಚೀಟಿಯಿಂದ ಹೊಡೆದುಹಾಕುವನು. ಅದೇ ಗಳಿಗೆಯಲ್ಲಿ ಬಂದವನ ಜೊತೆಗಾರನು ಇನ್ನೊಂದು ಬಾಗಿಲಿನಲ್ಲಿ ನಿಂತು, ಆ ನಕಲು ತಮಗೆ ಬೇಡವೆಂದು ಹೇಳಿ ಅದನ್ನು ಎಸೆಯಿಸುವನು. ಭಂಡಾರಿಯು ಪುಟಕ್ಕಾಗಿ ಮರಳಿ ಹೋದಾಗ ನಕಲೂ ಇಲ್ಲ, ಚೀಟಿಯಲ್ಲಿ ಆ ಮಾತೂ ಇಲ್ಲ. ಬರಿಯ ಓದುವುದಕ್ಕೆಂದು ಭಾವಿಸಿ ಮೂಲವನ್ನೇ ತಂದಿಡುವನು. ಲೇಖನಿಯು ಮೂಲದ ಮೇಲೆಯೇ ಹರಿದುಹೋಗುವುದು. ಆ ಮೂಲವು ಯಂತ್ರದ ಸರ್ವಾಧಿಕಾರವುಳ್ಳ ಪ್ರೋಗ್ರಾಮಿನ ಕಡತವಾಗಿದ್ದರೆ, ಏನೂ ಅಧಿಕಾರವಿಲ್ಲದೆ ಬಂದವನು ಇಡೀ ಯಂತ್ರಕ್ಕೆ ಒಡೆಯನಾಗುವನು. ಇದು ಊಹೆಯ ಮಾತಲ್ಲ. ಈ ದಾರಿಯಿಂದ ನಡೆದ ಆಕ್ರಮಣವೊಂದರ ಕುರುಹನ್ನು ಹಿಡಿದೇ ಫಿಲ್ ಓಸ್ಟರ್ ಎಂಬವರು ದೋಷವನ್ನು ಪತ್ತೆಹಚ್ಚಿದರು.

ನಕಲು ಮಾಡಿದ್ದು ಸರಿ. ಬೇಡದ ನಕಲನ್ನು ಎಸೆದದ್ದೂ ಸರಿ. ಓದುವವನಿಗೆ ಮೂಲವನ್ನು ತೋರಿಸಿದ್ದೂ ಸರಿ. ಚೀಟಿಯ ಮಾತನ್ನು ಹೊಡೆದದ್ದಕ್ಕೂ ಒಂದು ಕಾರಣವಿದ್ದಿತು. ದೋಷವಿದ್ದುದು ಪದಗಳಲ್ಲಲ್ಲ, ಅವುಗಳ ಸಂಧಿಯಲ್ಲಿ. ಒಂದು ಕಾರ್ಯಕ್ಕೂ ಮುಂದಿನ ಕಾರ್ಯಕ್ಕೂ ನಡುವೆ ಇನ್ನೊಬ್ಬನು ನುಸುಳಬಹುದೆಂಬುದನ್ನು ಯಾವ ಸಾಲೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 2007ರ 2.6.22ನೆಯ ಆವೃತ್ತಿಯಿಂದ ಆರಂಭಿಸಿ 9 ವರ್ಷಗಳ ಕಾಲ ದುರುಪಯೋಗಕ್ಕೆ ಎಡೆಗೊಡುವಂತೆ ಅದು ಎಲ್ಲರ ಕಣ್ಣೆದುರಿಗೇ ಇದ್ದಿತು. ಮೂಲವನ್ನು ಎಲ್ಲರಿಗೂ ತೆರೆದಿಟ್ಟು, ನೋಡುವವರು ಹೆಚ್ಚಿದಂತೆ ದೋಷವು ಅಡಗಿರಲಾರದೆಂದು ಎರಿಕ್ ರೇಮಂಡ್ 1997ರಲ್ಲಿ ವಾದಿಸಿದ್ದರು. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ನೋಡುವುದು ಬೇರೆ, ಓದುವುದು ಬೇರೆ. ಕಣ್ಣುಗಳು ಎಷ್ಟಿದ್ದರೂ ಸಂಧಿಯನ್ನು ಬಿಡಿಸಿ ಓದುವವರು ಯಾವ ಕಾಲದಲ್ಲಿಯೂ ಕೆಲವರೇ.

ಇನ್ನೂ ಗಮನಿಸತಕ್ಕ ಸಂಗತಿಯೊಂದುಂಟು. ದೋಷದ ಬೇರು 2007ಕ್ಕಿಂತಲೂ ಹಿಂದಿನದು. ಟೋರ್ವಾಲ್ಡ್ಸರೇ 2005ರಲ್ಲಿ ಅದನ್ನು ತಿದ್ದಲು ಯತ್ನಿಸಿದ್ದರು. ಆ ತಿದ್ದುಪಡಿಯಿಂದ ಎಸ್390 ಎಂಬ ದೊಡ್ಡ ಗಣಕಗಳಲ್ಲಿ ತೊಂದರೆಯುಂಟಾದುದರಿಂದ ಅದನ್ನು ಹಿಂದೆಗೆಯಬೇಕಾಯಿತು. ಎರಡು ಕಾರ್ಯಗಳ ನಡುವೆ ಮೂರನೆಯವನು ನುಸುಳುವುದು ಅಂದಿನ ಯಂತ್ರಗಳಲ್ಲಿ ಬರಿಯ ತರ್ಕದ ಸಾಧ್ಯತೆಯೆನಿಸಿತ್ತು. ಕಾಲಕ್ರಮದಲ್ಲಿ ಮೆಮೊರಿಯ ವ್ಯವಸ್ಥೆಯು ಹಲವು ಕಾರ್ಯಗಳನ್ನು ಒಟ್ಟಿಗೆ ನಡೆಸುವಷ್ಟು ಸಮರ್ಥವಾದಂತೆ ಅದು ಸುಲಭಸಾಧ್ಯವಾಯಿತು. ಸಾಲುಗಳು ಬದಲಾಗದಿದ್ದರೂ ಅವುಗಳ ಸುತ್ತಲಿನ ಲೋಕವು ಬದಲಾಗಿ, ಅಂದಿನ ಅಲಕ್ಷ್ಯವು ಇಂದಿನ ಅಪಾಯವಾಯಿತು. 2016ರ ತಿದ್ದುಪಡಿಯ ವಿವರಣೆಯಲ್ಲಿ ಟೋರ್ವಾಲ್ಡ್ಸರು ತಮ್ಮ ಹಿಂದಿನ ಯತ್ನವು ಚೆನ್ನಾಗಿರಲಿಲ್ಲವೆಂದು ಮುಚ್ಚುಮರೆಯಿಲ್ಲದೆ ಬರೆದಿರುವರು.

ಆ ತಿದ್ದುಪಡಿ 20 ಸಾಲಿಗೂ ಕಡಮೆ. ಚೀಟಿಯ ಮಾತನ್ನು ಹೊಡೆಯದೆ, 'ನಕಲಾಗಿದೆ' ಎಂಬ ಬೇರೊಂದು ಗುರುತನ್ನು ಇಟ್ಟು, ಪುಟವು ಮಾಸಿದೆಯೇ ಎಂದು ನೋಡಿ ನಕಲು ನಿಜವಾಗಿ ಉಳಿದಿರುವುದನ್ನು ಖಚಿತಪಡಿಸಿಕೊಳ್ಳುವುದು ಅದರ ಸಾರ. ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಸಣ್ಣ ಪುಟಗಳ ಬದಲು 2 ಮೆಗಾಬೈಟಿನ ದೊಡ್ಡ ಪುಟಗಳನ್ನು ಬಳಸುವೆಡೆಯಲ್ಲಿ, ನಕಲಾಗದ ಪುಟಕ್ಕೂ ಮಾಸಿದ ಗುರುತು ಬೀಳಬಹುದೆಂದು 2017ರ ನವೆಂಬರಿನಲ್ಲಿ ತಿಳಿದುಬಂದಿತು. 2022ರಲ್ಲಿ ಅದೇ ಬೇರಿನ ಮತ್ತೊಂದು ದೋಷವು ಕಂಡು, ಆ ಗುರುತನ್ನೇ ತೆಗೆದುಹಾಕಿ, ಪುಟವು ಆ ಒಬ್ಬನಿಗೇ ಸೇರಿದುದೇ ಎಂಬುದನ್ನು ನೇರವಾಗಿ ಪರೀಕ್ಷಿಸುವ ಕ್ರಮವನ್ನು ತಂದರು. ಸೂತ್ರಕ್ಕೆ ವಾರ್ತಿಕ, ವಾರ್ತಿಕಕ್ಕೆ ಭಾಷ್ಯ ಎಂಬಂತೆ ತಿದ್ದುಪಡಿಗೂ ಪರಿಶೀಲನೆಯು ತಪ್ಪಿದ್ದಲ್ಲ.

ಇಂಥ ಕೆಲಸವನ್ನು ಯಂತ್ರಕ್ಕೇ ವಹಿಸಬಾರದೇ ಎಂದು ಕೇಳಬಹುದು. ವಹಿಸಿಯೂ ಇರುವರು. 2015ರ 4.0ನೆಯ ಆವೃತ್ತಿಯಲ್ಲಿ ಸೇರಿದ 'ಕಾಸಾನ್' ಎಂಬ ಸಾಧನವು ಮೆಮೊರಿಯ ಎಂಟೆಂಟು ಬೈಟುಗಳಿಗೆ ಒಂದು ಬೈಟಿನಷ್ಟು ಲೆಕ್ಕವನ್ನಿಟ್ಟು, ಬಿಟ್ಟುಕೊಟ್ಟ ಸ್ಥಳವನ್ನು ಯಾರಾದರೂ ಮುಟ್ಟಿದೊಡನೆ ಕೂಗುವುದು. ಅದು ಹಿಡಿದ ದೋಷಗಳು ಬಹಳ. ಅದರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಡರ್ಟಿ ಕೌ ದೋಷದಲ್ಲಿ ಮುಟ್ಟಬಾರದ ಮೆಮೊರಿಯನ್ನು ಯಾರೂ ಮುಟ್ಟಲಿಲ್ಲ. ಮೂಲದ ಪುಟವೂ ಜೀವಂತವಾದ ಪುಟವೇ. ಅಲ್ಲಿ ತಪ್ಪಿದ್ದು ಅಭಿಪ್ರಾಯ. ಅಪಶಬ್ದವನ್ನು ಸಾಧನವು ಹಿಡಿದೀತು. ವಿವಕ್ಷೆಯನ್ನು ಅರಿಯಲು ವಿವೇಕಿಯಾದ ಓದುಗನೇ ಬೇಕು.

ಪರಿಶೀಲನೆಯು ಮುಗಿದ ಮೇಲೆ ಪರಿಶೀಲಕನು ತಿದ್ದುಪಡಿಯ ಕೆಳಗೆ 'ರಿವ್ಯೂಡ್ ಬೈ' ಎಂದು ತನ್ನ ಹೆಸರನ್ನು ಕೊಡುವನು. ಆ ಸಹಿಗೆ ಇಂತಿಷ್ಟೇ ಅರ್ಥವೆಂದು ಕರ್ನಲ್ಲಿನ ನಿಬಂಧನೆಗಳಲ್ಲಿ ಹೇಳಿದೆ: ಇದನ್ನು ಓದಿ ವಿಚಾರ ಮಾಡಿದೆ, ಕಂಡ ಆಕ್ಷೇಪಗಳನ್ನು ತಿಳಿಸಿದೆ, ಸೇರಿಸಲು ಯೋಗ್ಯವೆಂದು ನಂಬಿರುವೆ, ಆದರೆ ಇದು ನಿರ್ದುಷ್ಟವೆಂಬ ಜಾಮೀನನ್ನು ಕೊಡುವುದಿಲ್ಲ. ಮುಂದೆ ದೋಷವು ಕಂಡರೆ, ಅದನ್ನು ತಿದ್ದುವವನು 'ಫಿಕ್ಸಸ್' ಎಂಬ ಸಾಲಿನಲ್ಲಿ ದೋಷವು ಹುಟ್ಟಿದ ಹಳೆಯ ತಿದ್ದುಪಡಿಯ ಗುರುತಿನ ಮೊದಲ 12 ಅಕ್ಷರಗಳನ್ನು ಬರೆಯುವನು. ಹೀಗೆ ತಪ್ಪಿನ ವಂಶಾವಳಿಯೂ, ಅದನ್ನು ಅಂದು ಓದಿ ಒಪ್ಪಿದವರ ಹೆಸರೂ ದಾಖಲೆಯಲ್ಲಿ ಉಳಿಯುವುದು. ಯಾರನ್ನೂ ಹೀಯಾಳಿಸುವುದು ಇದರ ಉದ್ದೇಶವಲ್ಲ. ಆ ದೋಷವನ್ನು ಹೊತ್ತ ಹಳೆಯ ಆವೃತ್ತಿಗಳಾವುವು, ಪರಿಹಾರವನ್ನು ಎಲ್ಲೆಲ್ಲಿಗೆ ಕಳುಹಿಸಬೇಕು ಎಂಬುದನ್ನು ತಿಳಿಯುವುದು ಉದ್ದೇಶ.

ಜಾಮೀನಿಲ್ಲದ ಸಹಿಗೆ ಬೆಲೆಯೇನೆಂದು ಕೇಳುವವರುಂಟು. ತಪ್ಪಬಹುದೆಂದು ಬಲ್ಲವನು ಹೆಸರನ್ನು ಮುಂದಿಡುವುದರಲ್ಲಿಯೇ ಅದರ ಬೆಲೆಯಿರುವುದು. ಆ ಹೆಸರಿನ ಹಿಂದೆ ತೋರುವುದು ಗಂಟೆಗಟ್ಟಲೆ ಪಟ್ಟ ಸಂದೇಹವೇ ಹೊರತು ಪಾಂಡಿತ್ಯದ ಹೆಮ್ಮೆಯಲ್ಲ. ಫೋನಿನಲ್ಲಿ ಮಕ್ಕಳ ಭಾವಚಿತ್ರವನ್ನೂ ಬ್ಯಾಂಕಿನ ಲೆಕ್ಕವನ್ನೂ ಇಟ್ಟುಕೊಂಡು ನಿಶ್ಚಿಂತರಾಗಿರುವ ಕೋಟ್ಯಂತರ ಗೃಹಸ್ಥರಿಗೆ ಈ ಪರಿಶೀಲಕರ ಹೆಸರು ತಿಳಿಯದು. ತಿಳಿಯಬೇಕೆಂದು ಅವರೂ ಅಪೇಕ್ಷಿಸರು. ಅವರ ಅಪೇಕ್ಷೆಯಿರುವುದು ಇನ್ನೊಂದು: ತಾವು ಓದಿ ಒಪ್ಪಿದುದನ್ನು ಮುಂದೆ ಬರುವವನು ಒಪ್ಪಿದ್ದಾಯಿತೆಂದು ಬಿಟ್ಟುಬಿಡದೆ, ಬದಲಾದ ಕಾಲಕ್ಕೆ ತಕ್ಕಂತೆ ಮತ್ತೊಮ್ಮೆ ಓದಬೇಕು.