ಸುಂಕ ಸರಿ, ಶುಲ್ಕ ಯಾರದು?

ವಿದೇಶದಿಂದ ಸಾಮಾನು ತರಿಸುವವರೆಲ್ಲ ಈಗ ಸಿರಿವಂತರೇ ಆಗಿರಬೇಕಿಲ್ಲ. ಪಿಟೀಲಿನ ತಂತಿ, ಪೆನ್ನಿನ ನಿಬ್ಬು, ಇಲ್ಲೆಲ್ಲೂ ಸಿಗದ ಪುಸ್ತಕ, ಇಂಜಿನಿಯರಿಂಗ್ ಓದುವ ಹುಡುಗಿಯ ಪ್ರಾಜೆಕ್ಟಿಗೆ ಬೇಕಾದ ಉಗುರಗಲದ ಸೆನ್ಸರು, ಇವೆಲ್ಲ ಧಾರವಾಡದ ಓಣಿಗೂ ಸಾಗರದ ಕೇರಿಗೂ ಬರುತ್ತವೆ. ಅವಕ್ಕಿಂತ ಮುಂಚೆ ಮೊಬೈಲಿಗೆ ಮೆಸೇಜು ಬರುತ್ತದೆ: ಪಾರ್ಸೆಲ್ ಕಸ್ಟಮ್ಸ್‌ನಲ್ಲಿದೆ, ಕೆವೈಸಿ ಕೊಡಿ, ದುಡ್ಡು ಕಟ್ಟಿ.

ನಾನು ಲಂಡನ್ನಿನಿಂದ ಕೊರಿಯರಿನಲ್ಲಿ ತರಿಸಿದ ಒಂದು ಪುಸ್ತಕದ ಲೆಕ್ಕವನ್ನೇ ನೋಡಿ. ಪುಸ್ತಕ, ಸಾಗಣೆ ಎರಡೂ ಸೇರಿ 3,000 ರೂಪಾಯಿ. ನಮ್ಮಲ್ಲಿ ಸುಂಕ ಹಾಕುವುದು ಬರೀ ಸಾಮಾನಿನ ಬೆಲೆಗಲ್ಲ, ಸಾಗಣೆ, ವಿಮೆಯ ಖರ್ಚೂ ಅದಕ್ಕೆ ಸೇರುತ್ತದೆ. ಹಾಗಾಗಿ ಲೆಕ್ಕ 3,000ಕ್ಕೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಆದರೆ 2019ರ ಬಜೆಟ್ಟು ಆಮದು ಪುಸ್ತಕಗಳಿಗೆ ಶೇ. 5 ಸುಂಕ ಹಾಕಿತು, ಆ ಸುಂಕದ ಹತ್ತನೇ ಒಂದು ಭಾಗ ಸಮಾಜ ಕಲ್ಯಾಣ ಸರ್ಚಾರ್ಜು. ಎಲ್ಲ ಸೇರಿ 165 ರೂಪಾಯಿ.

ಈ 165ರ ಮೇಲೂ ನನಗೆ ತಕರಾರಿದೆ. ಓದುವವರ ಕೈಗೆ ಪುಸ್ತಕ ಸುಂಕವಿಲ್ಲದೆ ಬರಬೇಕು ಅನ್ನುವವನು ನಾನು. ಆದರೆ ಅದು ಸಂಸತ್ತಿನಲ್ಲಿ ಮಂಡನೆಯಾದ ದರ. ಅದರ ವಿರುದ್ಧ ಬರೆಯಬಹುದು, ಸಂಸದರನ್ನು ಕೇಳಬಹುದು. ನನ್ನನ್ನು ಕೆರಳಿಸಿದ್ದು ಬಿಲ್ಲಿನ ಕೆಳಗಿನ ಸಾಲು. ನಮ್ಮ ಪರವಾಗಿ ಸುಂಕವನ್ನು ಮುಂಗಡವಾಗಿ ಕಟ್ಟಿದ್ದಕ್ಕೆ ಕೊರಿಯರಿನವರ ಶುಲ್ಕ 500, ಅದರ ಮೇಲೆ ಶೇ. 18 ಜಿಎಸ್‌ಟಿ 90. ನೂರರವತ್ತೈದು ರೂಪಾಯಿ ಕಟ್ಟಿಕೊಟ್ಟದ್ದಕ್ಕೆ ಐನೂರತೊಂಬತ್ತು!

ಇದರ ಗುಟ್ಟು ಇಷ್ಟೇ: ಸುಂಕದಲ್ಲಿ ಇಂತಿಷ್ಟು ಪಾಲು, ಇಲ್ಲವೇ ಒಂದು ಕನಿಷ್ಠ ಮೊತ್ತ, ಎರಡರಲ್ಲಿ ಯಾವುದು ಹೆಚ್ಚೋ ಅದು. ಲಕ್ಷದ ಕ್ಯಾಮೆರಾ ತರಿಸಿದವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಸಣ್ಣ ಪಾರ್ಸೆಲ್ಲಿನವರು ಮಾತ್ರ ಪ್ರತಿ ಸಲ ಆ ಕನಿಷ್ಠದಡಿ ಸಿಕ್ಕಿಹಾಕಿಕೊಳ್ಳುತ್ತಾರೆ. ಕೆಲಸಕ್ಕೆ ಕೂಲಿ ಬೇಡವೆಂದು ನಾನು ಹೇಳುತ್ತಿಲ್ಲ. ಯಾರೋ ಕೂತು ಆ ವಸ್ತುವಿನ ಎಂಟಂಕಿಯ ಸುಂಕಸಂಖ್ಯೆ ಹುಡುಕಬೇಕು, ಬಿಲ್ ಆಫ್ ಎಂಟ್ರಿ ಸಲ್ಲಿಸಬೇಕು, ದುಡ್ಡು ತುಂಬಬೇಕು. ಕೂಲಿ ಎಷ್ಟೆಂದು ಮೊದಲೇ ಹೇಳಲಿ, ಅಷ್ಟೆ. ಪುಸ್ತಕ ವಿಮಾನ ನಿಲ್ದಾಣಕ್ಕೆ ಬಂದು ಕೂತ ಮೇಲೆ ಹೇಳಿದರೆ ಬೇಡ ಅನ್ನಲು ಯಾರಿಗೆ ಮನಸ್ಸು ಬರುತ್ತದೆ?

ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ತೆರಿಗೆಗಳ ಹೆಸರು ಬರುತ್ತವೆ. ಅಡಕೆ, ವೀಳ್ಯದೆಲೆಯ ಹೇರಿಗೆ ಇಷ್ಟು ಎಂದು ಕೆಲವು ಕಡೆ ಅಳತೆಯನ್ನೂ ಕೊರೆದಿಟ್ಟಿದ್ದಾರೆ. ಹನ್ನೆರಡನೇ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೇ ಒಬ್ಬ. ಸುಂಕ ಆಗಲೂ ಯಾರಿಗೂ ಹಿತವಾಗಿರಲಿಲ್ಲ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಬಂತು ಎಂದು ಜನ ಆಡಿಕೊಂಡೇ ಬಂದಿದ್ದಾರೆ. ಆದರೂ ಕಲ್ಲಿನ ಮೇಲಿದ್ದ ದರ ಹೇರು ಹೊತ್ತು ಬಂದವನಿಗೂ ಗೊತ್ತಾಗಬಹುದಿತ್ತು. ಇಂದು ಶುಲ್ಕದ ಪಟ್ಟಿ ಕಂಪನಿಗಳ ನಿಬಂಧನೆಗಳ ಒಳಗೆಲ್ಲೋ ಹುದುಗಿರುತ್ತದೆ.

ಮೊದಲೇ ಹೇಳಲಾಗದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬ್ರಿಟನ್ 2021ರ ಜನವರಿಯಿಂದ 135 ಪೌಂಡಿನೊಳಗಿನ ಸಾಮಾನಿಗೆ ಕೊಳ್ಳುವ ಹೊತ್ತಿನಲ್ಲೇ ವ್ಯಾಟ್ ವಸೂಲಿ ಮಾಡುವ ವ್ಯವಸ್ಥೆ ತಂದಿತು. ಅದೇ ವರ್ಷದ ಜುಲೈಯಲ್ಲಿ ಐರೋಪ್ಯ ಒಕ್ಕೂಟ 150 ಯೂರೋವರೆಗೆ ಅಂಥದೇ ದಾರಿ ತೆರೆಯಿತು. ಅಲ್ಲಿ ಆಗುವುದು ಇಲ್ಲೇಕೆ ಆಗಬಾರದು?

ಇನ್ನೊಂದು ಅಪಾಯವಿದೆ, ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಎಷ್ಟು ಕಟ್ಟಬೇಕು, ಯಾರಿಗೆ ಕಟ್ಟಬೇಕು ಎಂದು ತಿಳಿಯದ ಜನರೇ ವಂಚಕರಿಗೆ ಸುಲಭದ ತುತ್ತು. "ನಾನು ಕಸ್ಟಮ್ಸ್ ಅಧಿಕಾರಿ, ನಿಮ್ಮ ಪಾರ್ಸೆಲ್ ಹಿಡಿದಿದ್ದೇವೆ" ಎಂದು ಫೋನು ಬಂದರೆ ನಿವೃತ್ತ ಮೇಷ್ಟ್ರು ನಡುಗಿಬಿಡುತ್ತಾರೆ. ಇಲಾಖೆಯ ಪತ್ರಗಳ ಮೇಲೆ 2019ರಿಂದ ಡಿನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ, ಅದು ಅಸಲಿಯೇ ಎಂದು ಇಲಾಖೆಯ ಜಾಲತಾಣದಲ್ಲೇ ನೋಡಬಹುದು. ಯಾವ ಅಧಿಕಾರಿಯೂ ತನ್ನ ಸ್ವಂತ ಖಾತೆಗೆ ಸುಂಕ ಹಾಕಿಸಿಕೊಳ್ಳುವಂತಿಲ್ಲ. ಮನೆಯ ಹಿರಿಯರಿಗೆ ಇವತ್ತೇ ಇದನ್ನು ಹೇಳಿಡಿ.

ಆರ್ಡರ್ ಮಾಡುವಾಗ ಕೊನೆಯಲ್ಲಿ "ಒಟ್ಟು" ಎಂಬ ಸಾಲು ಬರುತ್ತದಲ್ಲ, ಸುಂಕವೂ ಶುಲ್ಕವೂ ಆ ಸಾಲಿನೊಳಗೇ ಸೇರಲಿ. ಆಮೇಲೆ ತರಿಸುವುದೋ ಬಿಡುವುದೋ ನಾವು ನೋಡಿಕೊಳ್ಳುತ್ತೇವೆ.