ರೊಟ್ಟಿ ಬಡಿಯುವ ಕೈಗೆ ಯಾವ ಹಳ್ಳು?

"ಚಿಗವ್ವಾ, ನಾಳೆ ಹುಬ್ಬಳ್ಳಿಗೆ ನೀನೂ ಬಾ. ಉಂಗುರದ ಹಳ್ಳು ಯಾವ ಆಕಾರದ್ದು ಬೇಕಂತ ನಾನ ಹೇಳಬೇಕಂತ. ನನಗ ಒಂದೂ ತಿಳೀವಲ್ದು."

ಅಕ್ಕನ ಮಗಳ ಫೋನ್ ಬಂದಾಗ ನಾನು ಅಣ್ಣಿಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮೊರ ಹಿಡಿದು ಕಡಲೆ ಹಸನು ಮಾಡುತ್ತ ಕೂತಿದ್ದೆ. ನಿಶ್ಚಯಕ್ಕೆ ಹದಿನೈದು ದಿನ ಉಳಿದಿತ್ತು. ಹುಡುಗಿ ನವಲಗುಂದ ತಾಲ್ಲೂಕಿನ ಹಳ್ಳಿಯವಳು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ, ನೌಕರಿಯ ಹಿಂದೆ ಬೀಳದೆ ಅಪ್ಪನ ಹೊಲಕ್ಕೇ ಮರಳಿ ಬಂದವಳು. ಬೀಗರು ಕುಂದಗೋಳದ ಕಡೆಯವರು, ಮೆಣಸಿನಕಾಯಿ ಬೆಳೆಯುವ ಮನೆತನ. ಆ ವರ್ಷ ಬ್ಯಾಡಗಿ ಪೇಟೆಯಲ್ಲಿ ಅವರಿಗೆ ಒಳ್ಳೆಯ ಧಾರಣೆ ಸಿಕ್ಕಿತ್ತು. ಸೊಸೆಗೆ ವಜ್ರದ ಉಂಗುರ ಹಾಕುತ್ತೇವೆ ಎಂದು ಅವರೇ ಬಾಯಿಬಿಟ್ಟು ಹೇಳಿದ್ದರು.

ಹಳ್ಳು ಎಂದರೆ ನಮ್ಮ ಕಡೆ ಹರಳು. ಎರೆಹೊಲದಲ್ಲಿ ಕುಂಟೆ ಹೊಡೆಯುವಾಗ ಕುಡಕ್ಕೆ ತಾಗಿ ಕಿರ್ ಎನ್ನುವ ಸುಣ್ಣದ ಚೂರೂ ಹಳ್ಳೇ, ಬಂಗಾರದಲ್ಲಿ ಕೂಡಿಸುವ ವಜ್ರವೂ ಹಳ್ಳೇ. ಮೊದಲನೆಯದು ನಮ್ಮ ಹೊಲದಲ್ಲಿ ಬೇಕಾದಷ್ಟಿದೆ. ಎರಡನೆಯದು ನಮ್ಮ ಮನೆತನದಲ್ಲಿ ಇದ್ದದ್ದು ಒಂದೇ, ಅವ್ವನ ಮೂಗುಬೊಟ್ಟಿನಲ್ಲಿ. ಅದರ ಆಕಾರ ಯಾವುದೆಂದು ನಾವು ಯಾರೂ ಕೇಳಿರಲಿಲ್ಲ. ಅವ್ವ ತೀರಿಕೊಂಡ ಮೇಲೆ ಕಟ್ಟು ಸಡಿಲಾಯಿತೆಂದು ಊರ ಪತ್ತಾರ ಅಜ್ಜನ ಹತ್ತಿರ ಒಯ್ದಿದ್ದೆ. ಆತ ಚಿಮಟಿಗೆಯಿಂದ ಅಂಚು ಬಿಡಿಸಿ ಹಳ್ಳನ್ನು ಅಂಗೈಯ ಮೇಲೆ ಇಟ್ಟ. ಕೆಳಗೆ ಹಾಸಿದ್ದ ಬೇಗಡೆ ಕಪ್ಪಾಗಿತ್ತು. ಹಳ್ಳು ಚಪ್ಪಟೆ, ಮೂರು ಮೂಲೆ ಇದ್ದಂತೆ ಕಂಡರೂ ಒಂದು ಬದಿಯಂತೆ ಇನ್ನೊಂದು ಇಲ್ಲ. "ಇದಕ್ಕ ಹೆಸರಿಲ್ಲವಾ, ಹುಟ್ಟಿದ ಹಂಗ ಐತಿ," ಎಂದಿದ್ದ ಅಜ್ಜ. ನಾಲ್ವತ್ತು ವರ್ಷ ಅವ್ವನ ಮೂಗಿನ ಮೇಲೆ ಮಿಂಚಿದ್ದು ಹೆಸರಿಲ್ಲದ ಆಕಾರವೇ.

ಮರುದಿನ ಹುಬ್ಬಳ್ಳಿಯ ಅಂಗಡಿಯಲ್ಲಿ ಆಕಾರಕ್ಕೊಂದು ಹೆಸರು ಇತ್ತು. ಕರಿ ಮಖಮಲ್ಲಿನ ತಟ್ಟೆಯ ಮೇಲೆ ಸಣ್ಣ ಹುಡುಗನೊಬ್ಬ ಒಂದೊಂದನ್ನೇ ಚಿಮಟಿಗೆಯಿಂದ ಎತ್ತಿಟ್ಟು ಹೇಳುತ್ತ ಹೋದ: ರೌಂಡ್, ಪ್ರಿನ್ಸೆಸ್, ಓವಲ್, ಮಾರ್ಕೀಸ್, ಪೇರ್, ಕುಶನ್, ಎಮರಾಲ್ಡ್, ಹಾರ್ಟ್. ಎಲ್ಲವೂ ಸೂರತ್ತಿನಲ್ಲಿ ಸಾಣೆ ಹಿಡಿಸಿಕೊಂಡು ಬಂದವು. ಜಗತ್ತಿನ ಬಹುಪಾಲು ವಜ್ರಕ್ಕೆ ಸಾಣೆ ಹಿಡಿಯುವುದು ಆ ಊರೇ. ಹೆಸರು ಕೇಳಿ ಹುಡುಗಿ ಗಲಿಬಿಲಿಯಾದಳು. ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತ ಕೂತವಳು ತಾನೇ ಬೇರೆ ಹೆಸರು ಇಡತೊಡಗಿದಳು.

"ಇದು ಜ್ವಾಳದ ಕಾಳು. ಇದು ಸೌತಿಬೀಜ. ಇದು ಕುಸುಬಿ."

ನೋಡಿದರೆ ನಿಜವೇ. ಇಪ್ಪತ್ತೈದು ಸೆಂಟಿನ ದುಂಡು ವಜ್ರದ ಅಗಲ ಸುಮಾರು ನಾಲ್ಕು ಮಿಲಿಮೀಟರ್. ನಮ್ಮ ಹಿಂಗಾರಿ ಜೋಳದ ಒಂದು ದಪ್ಪ ಕಾಳಿನಷ್ಟು. ತೂಕ 50 ಮಿಲಿಗ್ರಾಮ್. ಒಂದು ಕ್ಯಾರೆಟ್ಟಿಗೆ 200 ಮಿಲಿಗ್ರಾಮ್, ಐದು ಕ್ಯಾರೆಟ್ ಕೂಡಿದರೆ ಒಂದು ಗ್ರಾಮ್. ಹಳೆಯ ಲೆಕ್ಕದಲ್ಲಿ ಅರ್ಧ ಗುಲಗಂಜಿಯೂ ತೂಗದ ಹಳ್ಳಿಗೆ ಇಷ್ಟು ಹೆಸರು. ಎರಡೂ ತುದಿ ಚೂಪಾದ ಮಾರ್ಕೀಸ್ ತದ್ರೂಪು ಸೌತೆಬೀಜ. ಒಂದು ತುದಿ ದುಂಡು, ಇನ್ನೊಂದು ಚೂಪು ಇರುವ ಪೇರ್ ಕುಸುಬೆ ಕಾಳು. ಚೌಕನೆಯ ಪ್ರಿನ್ಸೆಸ್ ನೋಡಿದ ಕೂಡಲೇ "ನಮ್ಮೂರ ಜಮಖಾನದ ಮನಿ" ಎಂದಳು. ನವಲಗುಂದದ ಹೆಣ್ಣುಮಕ್ಕಳು ಮಗ್ಗದ ಮುಂದೆ ಕೂತು ನೇಯುವ ಪಗಡೆಹಾಸಿನ ಜಮಖಾನ ನೆನಪಾಗಿರಬೇಕು.

ಎಮರಾಲ್ಡ್ ಎಂಬ ಉದ್ದ ಚೌಕದ ಹಳ್ಳಿನ ಸರದಿ ಬಂದಾಗ ಅವಳು ಬಗ್ಗಿ ಒಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. "ಚಿಗವ್ವಾ, ಮೆಟ್ಟಲಾ ಅದಾವು ನೋಡು ಒಳಗ. ಲಕ್ಕುಂಡಿ ಬಾವಿ ಹಂಗ."

ಬೀಗಿತ್ತಿಗೆ ಸೌತೆಬೀಜ ಮನಸ್ಸಿಗೆ ಬಂದಿತ್ತು. "ಅದ ತೂಕಕ್ಕ ದೊಡ್ಡದು ಕಾಣತೈತಿ, ನಾಕ ಮಂದಿ ನೋಡಿದ್ರ ಕಾಣಬೇಕಲ್ರಿ," ಎಂದರು. ಅವರ ಮಾತು ಸುಳ್ಳಲ್ಲ. ಉದ್ದನೆಯ ಹಳ್ಳುಗಳು ಅಷ್ಟೇ ತೂಕದ ದುಂಡಿಗಿಂತ ದೊಡ್ಡದಾಗಿ ಕಾಣುತ್ತವೆ, ಬೆರಳೂ ನೀಳವಾಗಿ ಕಾಣುತ್ತದೆ. ಆ ತಾಯಿಯ ಕಾಲಲ್ಲಿ ಸವೆದ ಬೆಳ್ಳಿಯ ಕಾಲುಂಗುರ ಬಿಟ್ಟರೆ ಬೆರಳಲ್ಲಿ ಏನೂ ಇರಲಿಲ್ಲ. ಮೆಣಸಿನಕಾಯಿ ತುಂಬು ಬಿಡಿಸಿ ಉರಿದ ಕೈ. ಸೊಸೆಗಾದರೂ ಕಾಣುವಂಥದ್ದು ಬರಲಿ ಎಂಬ ಆಸೆ ಅವರದು. ಆ ಆಸೆಯನ್ನು ಹಗುರ ಮಾಡಿ ಮಾತಾಡಲು ನನಗೆ ಬಾಯಿ ಬರಲಿಲ್ಲ. ಹಳ್ಳನ್ನು ವಾಲಿಸಿ ತೋರಿಸಿದೆ. ಮಾರ್ಕೀಸ್, ಪೇರ್, ಓವಲ್‌ಗಳ ನಡುವೆ ಅಡ್ಡಲಾಗಿ ರೆಕ್ಕೆ ಬಿಚ್ಚಿದ ಚಿಟ್ಟೆಯಂಥ ಕಪ್ಪು ನೆರಳು ಬೀಳುತ್ತದೆ. ಕೆಲವದರಲ್ಲಿ ತೆಳುವಾಗಿ, ಕೆಲವದರಲ್ಲಿ ಎದ್ದು ಕಾಣುವಂತೆ. ಅವರು ಕನ್ನಡಕ ಸರಿ ಮಾಡಿಕೊಂಡು ನೋಡಿ, "ಹೌದಲ್ರಿ, ನಡುವ ಕಪ್ಪ ಐತಿ," ಎಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ನನ್ನ ಮನಸ್ಸು ಜೋಳದ ಕಾಳಿನ ಮೇಲಿತ್ತು. ದುಂಡು ವಜ್ರದ ಹಿಂದೆ ದೊಡ್ಡ ತಪಸ್ಸೇ ಇದೆ. ಮೇಲಿನಿಂದ ಒಳಹೊಕ್ಕ ಬೆಳಕು ಕೆಳಗಿನ ಇಳಿಜಾರಿಗೆ ಬಡಿದು, ಎದುರಿನ ಇಳಿಜಾರಿಗೆ ಪುಟಿದು, ಮತ್ತೆ ಮೇಲಕ್ಕೇ ಬರಬೇಕು. ಇಳಿಜಾರು ಕಡಿಮೆಯಾದರೆ ಬೆಳಕು ತಳದಿಂದ ಸೋರಿಹೋಗುತ್ತದೆ, ಹೆಚ್ಚಾದರೆ ಬದಿಯಿಂದ. ಆ ಹದ ಎಷ್ಟೆಂದು ಗಣಿತದಿಂದ ಲೆಕ್ಕ ಹಾಕಿ 1919ರಲ್ಲಿ ಪುಸ್ತಕ ಬರೆದವನು ಮಾರ್ಸೆಲ್ ಟೋಲ್ಕೋವ್‌ಸ್ಕಿ, ಬೆಲ್ಜಿಯಂನ ವಜ್ರ ಕಡೆಯುವ ಮನೆತನದ ಹುಡುಗ. ಇಂದಿನ ದುಂಡು ವಜ್ರಕ್ಕೆ 57 ಮುಖ. ತಳದ ಮೊನೆಯನ್ನೂ ತಟ್ಟಿದರೆ 58. ಈ ಹೊಳಪಿಗೆ ತೆರುವ ಬೆಲೆಯೂ ದೊಡ್ಡದು. ಗಣಿಯಿಂದ ಬಂದ ಕಲ್ಲಿನ ಸುಮಾರು ಅರ್ಧ, ಎಷ್ಟೋ ಸಲ ಅದಕ್ಕಿಂತ ಹೆಚ್ಚು, ಸಾಣೆಯಲ್ಲಿ ಪುಡಿಯಾಗಿ ಹೋಗುತ್ತದೆ. ಚೌಕ ಕಡೆದರೆ ನಷ್ಟ ಕಡಿಮೆ.

ನಮ್ಮ ನಾಡಿನವರು ಹಿಂದೆ ಈ ನಷ್ಟಕ್ಕೆ ಒಪ್ಪುತ್ತಿರಲಿಲ್ಲ. ರತ್ನಪರೀಕ್ಷೆಯ ಹಳೆಯ ಸಂಸ್ಕೃತ ಗ್ರಂಥಗಳಲ್ಲಿ ಒಳ್ಳೆಯ ವಜ್ರದ ಲಕ್ಷಣ ಆರು ಮೂಲೆ, ಎಂಟು ಮುಖ, ಹನ್ನೆರಡು ಅಂಚು. ಅದು ಕಡೆದು ಬರುವ ಆಕಾರವಲ್ಲ, ಹುಟ್ಟಿನ ಆಕಾರ. ಗುಡಿಯ ಶಿಖರವನ್ನೂ ಹೊಂಡದ ನೀರಿನಲ್ಲಿ ಬಿದ್ದ ಅದರ ನೆರಳನ್ನೂ ಜೋಡಿಸಿದರೆ ಹೇಗೋ ಹಾಗೆ. ಈ ನೆಲವನ್ನೂ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಬೊಕ್ಕಸದ ವಿಷಯ ಬರುವಲ್ಲಿ ರತ್ನಪರೀಕ್ಷೆಯೂ ಇದೆ. ವಿಜಯನಗರದ ಕಾಲಕ್ಕೆ ವಜ್ರದ ಸೀಮೆ ಗುತ್ತಿಯ ಕಡೆಗಿತ್ತು. ಪೋರ್ಚುಗೀಸ್ ವ್ಯಾಪಾರಿ ನುನಿಜ್ ಬರೆದಿಟ್ಟ ಪ್ರಕಾರ, ಅಲ್ಲಿ ಸಿಕ್ಕ ವಜ್ರ 20 ಮಂಜೆಲಿನ್ ತೂಕ ಮೀರಿದರೆ ಅರಸನ ಬೊಕ್ಕಸಕ್ಕೆ ಸಲ್ಲಬೇಕಿತ್ತು. ತೂಕವೇ ಎಲ್ಲ ಆದಾಗ ಕಡೆದು ಕಳೆಯಲು ಯಾರಿಗೆ ಮನಸ್ಸು ಬಂದೀತು? 17ನೆಯ ಶತಮಾನದಲ್ಲಿ ವಿಜಾಪುರ, ಗೋಲ್ಕೊಂಡದ ಗಣಿಗಳನ್ನು ನೋಡಿಬಂದ ಫ್ರಾನ್ಸಿನ ತವರ್ನಿಯೆ ಇನ್ನೂ ಒಂದು ಸೂಕ್ಷ್ಮ ಗಮನಿಸಿದ್ದ: ಕಲ್ಲು ನಿರ್ಮಲವಾಗಿದ್ದರೆ ಇಲ್ಲಿಯ ಕುಶಲಿಗರು ಮೇಲೆ ಮೇಲೆ ಸಾಣೆ ತಾಗಿಸಿ ಬಿಡುತ್ತಿದ್ದರು, ಒಳಗೆ ಕಲೆ ಇದ್ದರೆ ಮುಖಗಳ ಮೇಲೆ ಮುಖ ಕಡೆದು ಅದನ್ನು ಮುಚ್ಚುತ್ತಿದ್ದರು.

ಇಂದಿಗೂ ಕರ್ನೂಲು ಜಿಲ್ಲೆಯ ತುಗ್ಗಲಿ, ಜೊನ್ನಗಿರಿಯ ಸುತ್ತ ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಜನ ಕೆಂಪು ಹೊಲಗಳಲ್ಲಿ ಬಗ್ಗಿಕೊಂಡು ವಜ್ರ ಹುಡುಕುತ್ತ ನಡೆಯುತ್ತಾರೆ. ಅದೇ ಮಳೆಗೆ ನಾವಿಲ್ಲಿ ಹೆಸರು ಬಿತ್ತುತ್ತೇವೆ.

ಅಂಗಡಿಯಲ್ಲಿ ಅಂದು ಯಾವುದೂ ಇತ್ಯರ್ಥವಾಗಲಿಲ್ಲ. ಪ್ರಯೋಗಶಾಲೆಯಲ್ಲಿ ಬೆಳೆಸಿದ ವಜ್ರದ ಇನ್ನೊಂದು ತಟ್ಟೆಯನ್ನೂ ತಂದಿಟ್ಟರು. ಅದೂ ಅದೇ ಇಂಗಾಲ, ಬೆಲೆ ಮಾತ್ರ ಬಹಳ ಕಡಿಮೆ. ಎಲ್ಲಿಂದ ಬಂದದ್ದು ಎಂಬುದು ಬೀಗರು ತಮ್ಮ ಕಿಸೆ ನೋಡಿ ಹೇಳಲಿ, ಆಕಾರದ ಮಾತು ನಾವು ಮುಗಿಸೋಣ ಎಂದು ಹುಡುಗಿಯನ್ನು ಅಣ್ಣಿಗೇರಿಗೆ ಕರೆದುಕೊಂಡು ಬಂದೆ. ಬೆಳಿಗ್ಗೆ ಎದ್ದು ಅವಳೇ ಒಲೆಯ ಮುಂದೆ ಕೂತಳು.

ಅವಳ ಕೈಯನ್ನು ನಾನು ಅಂದು ಮೊದಲ ಸಲ ಕಣ್ಣಿಟ್ಟು ನೋಡಿದೆ. ಕುದಿಯುವ ನೀರು ಹೊಯ್ದ ಜೋಳದ ಹಿಟ್ಟನ್ನು ಬಿಸಿ ಇರುವಾಗಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದಳು. ಉಂಡೆ ಮಾಡಿ, ಒಣಹಿಟ್ಟು ಉದುರಿಸಿ, ಬಲಗೈಯಿಂದ ಬಡಿಯುತ್ತ ಎಡಗೈ ಬೆರಳಿಂದ ಅಂಚು ತಿರುಗಿಸುತ್ತ ಹೋದಳು. ಪಟ ಪಟ ಸದ್ದಿನೊಳಗೆ ರೊಟ್ಟಿ ಹುಣ್ಣಿಮೆಯಾಯಿತು. ಬೆರಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ, ಎಲ್ಲೆಲ್ಲಿ ಒಂದು ಗೆರೆ ಇದೆಯೋ ಅಲ್ಲೆಲ್ಲ ಹಿಟ್ಟು ಹೊಕ್ಕು ಕೂತಿತ್ತು. ಈ ಕೈಗೆ ಬರುವ ಉಂಗುರಕ್ಕೆ ನಾವು ಕೇಳಬೇಕಾದ ಪ್ರಶ್ನೆ ಇಲ್ಲಿತ್ತು. ನಿನ್ನೆ ಹುಬ್ಬಳ್ಳಿಯಲ್ಲಿ ಎರಡು ತಾಸು ಕೂತರೂ ಒಬ್ಬರೂ ಕೇಳಿರಲಿಲ್ಲ. ಇದೇ ಕೈ ಹತ್ತಿ ಬಿಡಿಸುತ್ತದೆ. ಎತ್ತರದ ನಾಲ್ಕು ಹಲ್ಲಿನ ಮೇಲೆ ನಿಂತ ಹಳ್ಳು ಹತ್ತಿಯ ಎಳೆ ಹಿಡಿಯುತ್ತದೆ, ಸೀರೆಯ ನೂಲು ಎಳೆಯುತ್ತದೆ, ಹಿಟ್ಟು ತುಂಬಿಕೊಂಡು ಎರಡು ದಿನಕ್ಕೆ ಕುರುಡಾಗುತ್ತದೆ.

ಉಂಡು ಪತ್ತಾರ ಅಜ್ಜನ ಕಟ್ಟೆಗೆ ಹೋದೆವು. ಆತನ ಕಣ್ಣು ಈಗ ಮಂದ. ಊದುಗೊಳವೆ ಮಗನ ಕೈಗೆ ಹೋಗಿದೆ. ಆದರೂ ಹುಡುಗಿಯ ಕೈ ಹಿಡಿದು ಬೆರಳ ಗಂಟು ಮುಟ್ಟಿ ನೋಡಿದ.

"ಏನೇನ ಕೆಲಸ ಮಾಡ್ತಿಯವಾ?"

"ಎಲ್ಲಾ ಮಾಡ್ತೀನ್ರೀ ಅಜ್ಜಾರ."

"ಹಂಗಾರ ಮೊನಿ ಇದ್ದದ್ದು ಬ್ಯಾಡ. ವಜ್ರ ಗಟ್ಟಿ ಖರೆ, ಗೀರು ಬೀಳೂದಿಲ್ಲ. ಆದ್ರ ಪೆಟ್ಟ ಬಿದ್ರ ಒಡೀತೈತಿ."

ಓದಿದವರು ಹೇಳುವುದೂ ಅದನ್ನೇ. ಕಾಠಿಣ್ಯದ ಮೋಸ್ ಅಳತೆಯಲ್ಲಿ ವಜ್ರಕ್ಕೆ ಹತ್ತಕ್ಕೆ ಹತ್ತು. ಆದರೆ ಅದರ ಒಡಲಲ್ಲಿ ಕಟ್ಟಿಗೆಯ ಎಳೆಯಂತೆ ಸೀಳುವ ನಾಲ್ಕು ದಿಕ್ಕುಗಳಿವೆ. ಆ ದಿಕ್ಕಿಗೆ ಸರಿಯಾಗಿ ಪೆಟ್ಟು ಬಿದ್ದರೆ ಚಕ್ಕೆ ಹಾರುತ್ತದೆ. ಸೌತೆಬೀಜದ ಎರಡು ತುದಿ, ಕುಸುಬೆಯ ಒಂದು ತುದಿ, ಚೌಕದ ನಾಲ್ಕು ಮೂಲೆ, ಹೃದಯದ ಕೆಳಮೊನೆ, ಇವೆಲ್ಲ ಪೆಟ್ಟಿಗೆ ಮೊದಲು ಸಿಗುವ ಜಾಗಗಳು. ಸುರಕ್ಷಿತವಾದದ್ದು ದುಂಡು ಎಂದು ನಾನು ಗೆದ್ದವಳಂತೆ ಹುಡುಗಿಯ ಮುಖ ನೋಡಿದೆ.

ಅವಳು ಫೋನಿನಲ್ಲಿದ್ದ ಚಿತ್ರ ತೆಗೆದು ಅಜ್ಜನ ಮುಂದೆ ಹಿಡಿದಳು. ಮೆಟ್ಟಿಲ ಬಾವಿಯಂಥ ಆ ಎಮರಾಲ್ಡ್ ಹಳ್ಳು. "ಅಜ್ಜಾರ, ಇದರ ಮೂಲಿ ನೋಡ್ರಿ. ಮೊದಲ ಕತ್ತರಿಸ್ಯಾರ."

ನಾನು ಗಮನಿಸಿಯೇ ಇರಲಿಲ್ಲ. ಪಚ್ಚೆ ಸ್ವಭಾವತಃ ಬೇಗ ಬಿರಿಯುವ ಕಲ್ಲು. ಅದಕ್ಕಾಗಿಯೇ ಮೂಲೆ ಮೊಟಕು ಮಾಡಿ ಕಡೆಯುವ ರೂಢಿ ಬಂತು, ಅದರ ಹೆಸರೇ ಈ ಆಕಾರಕ್ಕೆ ನಿಂತಿತು. ಎಂಟು ಬದಿಯಾಗಿ ತಿರುಗಿದ ಚೌಕದಲ್ಲಿ ಪೆಟ್ಟಿಗೆ ಸಿಗುವ ಮೊನೆ ಇಲ್ಲ. ಇದು ದುಂಡಿನಂತೆ ಕಿಡಿ ಹಾರಿಸುವುದಿಲ್ಲ. ಕೈ ಆಡಿಸಿದರೆ ಒಂದೊಂದು ಮೆಟ್ಟಿಲು ಬೆಳ್ಳಗಾಗಿ, ಮತ್ತೆ ಕಪ್ಪಾಗಿ, ಬೆಳಕು ಇಳಿದು ಹತ್ತಿದಂತೆ ಕಾಣುತ್ತದೆ. ಒಂದು ತೊಡಕಿದೆ: ನೆತ್ತಿ ಅಗಲ, ಮುಖಗಳು ಕಡಿಮೆ, ಒಳಗೆ ಚುಕ್ಕೆ ಇದ್ದರೆ ಮುಚ್ಚಿಕೊಳ್ಳಲು ಜಾಗವಿಲ್ಲ. ಹಾಗಾಗಿ ನಿರ್ಮಲ ಹಳ್ಳೇ ಬೇಕು. ಅಷ್ಟೇ ದುಡ್ಡಿಗೆ ಗಾತ್ರ ಸಣ್ಣದಾಗುತ್ತದೆ.

"ಸಣ್ಣದ ಆಗಲಿ," ಎಂದಳು ಹುಡುಗಿ. "ಒಳಗ ಏನೈತಿ ಅನ್ನೂದು ಕಾಣತೈತಲ್ಲ."

ನನ್ನ ಜೋಳದ ಕಾಳನ್ನು ನಾನು ಅಲ್ಲಿಗೆ ಬಿಟ್ಟೆ. ಬೀಗಿತ್ತಿಗೆ ಅವಳೇ ಫೋನ್ ಮಾಡಿ, "ಅತ್ತಿ, ಸಣ್ಣದು ಆಗತೈತ್ರಿ, ಆದ್ರ ದಿನಾ ಹಾಕ್ಕೊಂತೀನಿ," ಎಂದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ದಿನಾ ಹಾಕ್ಕೊಳ್ಳೂದ ಚೊಲೊ ಅವಾ. ನನ್ನ ಬಂಗಾರೆಲ್ಲಾ ಪೆಟಿಗ್ಯಾಗ ಐತಿ," ಎಂದದ್ದು ನನಗೂ ಕೇಳಿಸಿತು.

ಇಪ್ಪತ್ತು ಸೆಂಟಿನ ಹಳ್ಳು ಬಂತು. ಹಲ್ಲುಗಳನ್ನು ಬಿಟ್ಟು, ಸುತ್ತಲೂ ಬಂಗಾರದ ಗೋಡೆ ಎಬ್ಬಿಸಿ, ಬೆರಳಿಗೆ ಅಂಟಿದಂತೆ ತಗ್ಗಿನಲ್ಲಿ ಕೂಡಿಸಿದರು. ಉಗುರು ಆಡಿಸಿದರೆ ಎಲ್ಲಿಯೂ ತಡೆಯುವುದಿಲ್ಲ. ತಳವನ್ನು ಮಾತ್ರ ಮುಚ್ಚಬೇಡಿ, ತೊಳೆದ ನೀರು ಹರಿದುಹೋಗಲು ದಾರಿ ಇರಲಿ ಎಂದು ಅಜ್ಜ ಮಗನಿಗೆ ಎರಡು ಸಲ ಹೇಳಿದ. ವಜ್ರಕ್ಕೆ ನೀರು ಹತ್ತುವುದಿಲ್ಲ, ಜಿಡ್ಡು ಹತ್ತುತ್ತದೆ. ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ ಪುಡಿಗಲ್ಲನ್ನು ನೀರಿನೊಂದಿಗೆ ಜಿಡ್ಡು ಬಳಿದ ಹಲಗೆಯ ಮೇಲೆ ಹರಿಬಿಟ್ಟರೆ, ಕಲ್ಲೆಲ್ಲ ಹರಿದುಹೋಗಿ ವಜ್ರ ಮಾತ್ರ ಅಂಟಿ ನಿಲ್ಲುತ್ತಿತ್ತಂತೆ. ಒಗ್ಗರಣೆಯ ಎಣ್ಣೆಯೂ, ಬೆಣ್ಣೆ ತೆಗೆದ ಕೈಯ ಜಿಡ್ಡೂ ಅದಕ್ಕೆ ಹಾಗೆಯೇ ಅಂಟುತ್ತದೆ. ವಾರಕ್ಕೊಮ್ಮೆ ಅಂಟವಾಳದ ನೊರೆಯಲ್ಲಿ ಮೆತ್ತನೆಯ ಬ್ರಶ್ಶಿನಿಂದ ಹಿಂದೆ ಮುಂದೆ ತಿಕ್ಕಿ, ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದರೆ ಸಾಕು. ಹಿಟ್ಟು ನಾದುವಾಗ ತೆಗೆದಿಡು ಎಂದು ನಾನು ಹೇಳಿದೆ. ತೆಗೆದಿಟ್ಟಲ್ಲಿ ಮರೆತರೆ ಎಂದು ಅವಳು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಶ್ಚಯದ ದಿನ ಹೆಂಗಸರು ಒಬ್ಬೊಬ್ಬರಾಗಿ ಅವಳ ಕೈ ಎಳೆದು ನೋಡಿದರು. ಸಣ್ಣದಾಯಿತು ಎಂದು ಕೆಲವರು ಅಂದರು. ಬೀಗಿತ್ತಿ ಅವರನ್ನು ಕಿಟಕಿಯ ಹತ್ತಿರ ಕರೆದೊಯ್ದು, ಸೊಸೆಯ ಕೈ ವಾಲಿಸಿ, "ಒಳಗ ಮೆಟ್ಟಲಾ ನೋಡ್ರಿ," ಎಂದು ತೋರಿಸುತ್ತಿದ್ದರು.

ತಿಂಗಳಾದ ಮೇಲೆ ಹುಡುಗಿ ಒಂದು ಚಿತ್ರ ಕಳಿಸಿದಳು. ಪರಾತದ ಅಂಚಿನ ಮೇಲೆ ಎಡಗೈ, ಬೆರಳ ತುಂಬ ಜೋಳದ ಹಿಟ್ಟು, ಬಂಗಾರದ ಗೋಡೆಯ ಮೇಲೂ ಹಿಟ್ಟಿನ ಗೆರೆ. ಹಳ್ಳಿನ ನೆತ್ತಿಯನ್ನು ಮಾತ್ರ ಸೆರಗಿನಿಂದ ಒರೆಸಿದ್ದಳು. ಅದರಲ್ಲಿ ಅಡುಗೆಮನೆಯ ಕಿಟಕಿ ಒಂದು ಬಿಳಿ ಚೌಕವಾಗಿ ಬಿದ್ದಿತ್ತು.